ಹಳೆಯ ಬಡಾವಣೆಯಲ್ಲಿ ಹೊಸ ವಸತಿ ಸಮುಚ್ಚಯ



ಕಟ್ಟಡಗಳ ವಿಷಯದಲ್ಲಿ ವೈದ್ಯರಿಗೇನು ಕೆಲಸವೆಂದು ತಾವು ಕೇಳಬಹುದು. ಆದರೆ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದರಲ್ಲಿ ಒಂದು ರೋಗದ ಪಾತ್ರವಿದೆ. 1898ರಲ್ಲಿ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಹೊರಬಿದ್ದ ಜನ ಅದೇ ದಶಕದಲ್ಲಿ ರೂಪುಗೊಂಡ ಈ ಬಡಾವಣೆಗಳಲ್ಲಿ ನೆಲೆಸತೊಡಗಿದರು. ಇಲಿಯ ಚಿಗಟವೇ ರೋಗವಾಹಕವೆಂಬುದು ಆಗಿನ್ನೂ ಸರ್ವಸಮ್ಮತವಾಗಿರಲಿಲ್ಲ. ಗಾಳಿ ಬೆಳಕುಗಳನ್ನೇ ಔಷಧವೆಂದು ನಂಬಲಾಗಿತ್ತು. ಆದ್ದರಿಂದಲೇ ನೇರ ರಸ್ತೆಗಳು, ಮನೆಯ ಸುತ್ತ ತೆರೆದ ಜಾಗ, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ. (ಮಲ ಹೊರುವವರು ಮುಂಬಾಗಿಲಿಗೆ ಬಾರದಿರಲೆಂದು ಬಿಟ್ಟ ಓಣಿಯದು. ಹಳೆಯದನ್ನು ಹೊಗಳುವಾಗ ಇದನ್ನೂ ನೆನೆಯಬೇಕು.)

ಈಗ ನಮ್ಮಲ್ಲಿ ಅನೇಕರಿಗೆ ಊರಿನಿಂದ ಒಂದೇ ಬಗೆಯ ಕರೆ ಬರುತ್ತದೆ: ಅಪ್ಪ ಕಟ್ಟಿಸಿದ ಮನೆಯನ್ನು ಬಿಲ್ಡರಿಗೆ ಕೊಡೋಣ, ಅಣ್ಣತಮ್ಮಂದಿರಿಗೆ ಒಂದೊಂದು ಫ್ಲಾಟು ಬರುತ್ತದೆ, ಅಧಿಕಾರಪತ್ರಕ್ಕೆ ಸಹಿ ಹಾಕಿ ಕಳುಹಿಸು. ಹಾಕಬೇಡಿ ಎಂದು ನಾವು ಹೇಳಲಾರೆವು. ಎಂಬತ್ತು ದಾಟಿದ ತಾಯಿಗೆ ಸೋರುವ ಹೆಂಚಿನ ಮನೆಗಿಂತ ಲಿಫ್ಟಿರುವ ಫ್ಲಾಟೇ ಕ್ಷೇಮ. ಆದರೆ ಎಂಥ ಕಟ್ಟಡವೆಂದು ಕೇಳುವ ಬಲ ನಮಗಿರುವುದು ಸಹಿಯ ಮುನ್ನ ಮಾತ್ರ.

ನಾವು ನೆಲೆಸಿರುವ ಈ ದೇಶದಲ್ಲಿ ನೋಡತಕ್ಕ ನಿದರ್ಶನ ಫಿಲಡೆಲ್ಫಿಯದ ಸೊಸೈಟಿ ಹಿಲ್. ಹದಿನೆಂಟನೆಯ ಶತಮಾನದ ಇಟ್ಟಿಗೆಯ ಮನೆಗಳ ಸಾಲುಗಳು 1950ರ ದಶಕದ ವೇಳೆಗೆ ಶಿಥಿಲವಾಗಿದ್ದವು. ಅಂಥ ಕೇರಿಗಳನ್ನು ಪೂರ್ತಿ ನೆಲಸಮ ಮಾಡುವುದೇ ಆಗಿನ ರೂಢಿ. ನಗರ ಯೋಜನಾ ನಿರ್ದೇಶಕ ಎಡ್ಮಂಡ್ ಬೇಕನ್ ಅವರ ಕಾಲದಲ್ಲಿ ಇಲ್ಲಿ ಬೇರೆ ದಾರಿ ಹಿಡಿದರು: ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ, ನಡುವಣ ತೆರವುಗಳಲ್ಲಿ ಹೊಸದನ್ನು ಕಟ್ಟಿದರು. ವಾಸ್ತುಶಿಲ್ಪಿ ಐ. ಎಂ. ಪೇ ಅವರ 31 ಅಂತಸ್ತಿನ ಮೂರು ಗೋಪುರಗಳು 1964ರಲ್ಲಿ ಎದ್ದದ್ದು ಸಗಟು ಮಾರುಕಟ್ಟೆ ತೆರವು ಮಾಡಿದ ಕಡೆ. ಹಳೆಯ ಮನೆಗಳ ಮಗ್ಗುಲಲ್ಲಿ ಅವರೇ ಮೂರು ಅಂತಸ್ತಿನ ಇಟ್ಟಿಗೆ ಮನೆಗಳನ್ನು ಕೂರಿಸಿದರು. ನಕಲು ಮಾಡಲಿಲ್ಲ, ಅಳತೆಯನ್ನು ಉಳಿಸಿದರು. ಆದರೆ ಅಲ್ಲಿದ್ದ ಬಡವರು, ಅವರಲ್ಲಿ ಅನೇಕ ಕರಿಯ ಕುಟುಂಬಗಳು, ಸ್ಥಳ ಬಿಡಬೇಕಾಯಿತು.

ಅಳತೆಯೆಂಬ ಈ ಮಾತನ್ನು ಮಲ್ಲೇಶ್ವರಕ್ಕೆ ಅನ್ವಯಿಸಿದರೆ? ಅಲ್ಲಿನ ಹಳೆಯ ಮನೆಗೆ ಬೀದಿಯತ್ತ ಮುಖವಿದೆ: ಗೇಟು, ಸಂಪಿಗೆ ಮರ, ವರಾಂಡ, ಅಲ್ಲಿ ಪತ್ರಿಕೆ ಓದುತ್ತಾ ಕುಳಿತ ಹಿರಿಯರು. ಹೊಸ ಕಟ್ಟಡದಲ್ಲಿ ಸಾಮಾನ್ಯವಾಗಿ ಆ ಜಾಗಕ್ಕೆ ಕಂಬಗಳೂ ಕಾರುಗಳೂ ಬರುತ್ತವೆ. ದಾರಿಹೋಕರನ್ನು ಗುರುತಿಸಿ ಮಾತನಾಡಿಸುವವರಿಲ್ಲ. ಮುಂಭಾಗದಲ್ಲಿ ಒಂದಾದರೂ ಮನೆ, ಅದಕ್ಕೊಂದು ಜಗಲಿ ಇರಲಿ; ಕಾರುಗಳು ಹಿಂದೆ ಸರಿಯಲಿ. ಮಳೆ ಬಿಸಿಲು ತಡೆಯಲು ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಮಂಕಿ ಟಾಪ್ ಸುಂದರವೇ ಹೌದು. ಅದನ್ನೇ ನಾಲ್ಕನೆಯ ಮಹಡಿಯಲ್ಲಿ ಸಿಮೆಂಟಿನಿಂದ ಅಂಟಿಸಿದರೆ ವೇಷವಾದೀತು.

ವೈದ್ಯರಾಗಿ ನಾವು ಪಟ್ಟು ಹಿಡಿಯುವುದು ಗಾಳಿಯ ವಿಷಯದಲ್ಲಿ. ಕ್ಷಯದ ಮುಂದೆ ಇದು ಹಳೆಯ ಪಾಠ. 2020ರ ಕೋವಿಡ್ ಅದನ್ನೇ ಮತ್ತೆ ಕಲಿಸಿತು. ಪಕ್ಕದ ಕಟ್ಟಡದ ಗೋಡೆಗೆ ಕೈ ಎಟುಕುವಷ್ಟು ಹತ್ತಿರ ತೆರೆಯುವ ಕಿಟಕಿ ನಕ್ಷೆಯಲ್ಲಿ ಕಿಟಕಿ, ಬಾಳುವವರಿಗಲ್ಲ. ಆದ್ದರಿಂದ ತಮ್ಮ ಪಾಲು ಎಷ್ಟು ಚದರಡಿಯೆಂದು ವಿಚಾರಿಸುವಾಗಲೇ ನೆಲಮಹಡಿಯ ನಕ್ಷೆಯನ್ನೂ ತರಿಸಿಕೊಳ್ಳಿ. ಅಕ್ಕಪಕ್ಕ ಎಷ್ಟು ಅಡಿ ಬಿಟ್ಟಿದ್ದಾರೆ, ಪ್ರತಿ ಮನೆಗೂ ಎದುರುಬದುರು ಕಿಟಕಿಗಳಿವೆಯೇ, ಮುಂದಿನ ಮರ ಉಳಿಯುತ್ತದೆಯೇ ಎಂದು ನೋಡಿ, ಒಪ್ಪಂದದಲ್ಲಿ ಬರೆಸಿ. ಸಹಿ ಅನಂತರ.