ನಿರುದ್ಯೋಗ ಪರಿಹಾರದ ಅರ್ಜಿ ಏಕೆ ತಡವಾಗುತ್ತದೆ? ಉದ್ಯೋಗದಾತರು ಗಮನಿಸಬೇಕಾದ ಸಂಗತಿಗಳು

ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಸಲ್ಲಬೇಕಾದ ಪರಿಹಾರದ ಹಣ ತಡವಾದಾಗ ನಾವು ಸಹಜವಾಗಿ ಸರ್ಕಾರಿ ಕಚೇರಿಯತ್ತ ಬೆರಳು ತೋರಿಸುತ್ತೇವೆ. ಆ ದೂರಿನಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಕೆಲವು ವೇಳೆ ದೋಷದ ಮೂಲ ನಮ್ಮದೇ ಘಟಕದ ಲೆಕ್ಕಪತ್ರಗಳಲ್ಲಿ ಅಡಗಿರುತ್ತದೆ. ಸಣ್ಣ ಉದ್ದಿಮೆಯೊಂದನ್ನು ನಡೆಸುತ್ತಿರುವ ಈ ಲೇಖಕನಿಗೆ ಈ ಮಾತು ಅನುಭವದಿಂದ ಮನವರಿಕೆಯಾಗಿದೆ. ಸದಸ್ಯ ಬಂಧುಗಳಿಗೆ ಅದರಿಂದ ಪ್ರಯೋಜನವಾಗಬಹುದೆಂಬ ಆಶಯದಿಂದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಲಾಗಿದೆ.

ಯೋಜನೆಯ ಸ್ವರೂಪ

ನಮ್ಮ ದೇಶದಲ್ಲಿ ನೌಕರರ ರಾಜ್ಯ ವಿಮಾ ನಿಗಮವು, ಅಂದರೆ ಇ.ಎಸ್.ಐ. ನಿಗಮವು, ನಿರುದ್ಯೋಗಕ್ಕೆ ಸಂಬಂಧಿಸಿದ ಎರಡು ಯೋಜನೆಗಳನ್ನು ರೂಪಿಸಿತು. ಮೊದಲನೆಯದಾದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ 2005ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕಾರ್ಖಾನೆ ಮುಚ್ಚಿದವರಿಗೆ, ಸಿಬ್ಬಂದಿ ಕಡಿತಕ್ಕೆ ಒಳಗಾದವರಿಗೆ ಮತ್ತು ಕೆಲಸಕ್ಕೆ ಸಂಬಂಧಿಸದ ಅಪಘಾತದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಹೊಂದಿದವರಿಗೆ ಭತ್ಯೆ ನೀಡುವುದು ಇದರ ಉದ್ದೇಶವಾಗಿತ್ತು.

ಎರಡನೆಯದು 2018ರ ಜುಲೈ 1ರಂದು ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ವಿಮಾದಾರನಿಗೆ ಸರಾಸರಿ ದಿನಗಳಿಕೆಯ ಶೇ. 25ರಷ್ಟನ್ನು ಗರಿಷ್ಠ 90 ದಿನಗಳವರೆಗೆ ನೀಡಲು ಮೊದಲು ನಿರ್ಧರಿಸಲಾಗಿತ್ತು. ಕೊರೊನಾ ಸಂಕಷ್ಟದ ಹಿನ್ನೆಲೆಯಲ್ಲಿ 2020ರ ಆಗಸ್ಟ್‌ನಲ್ಲಿ ನಿಗಮವು ಈ ಪ್ರಮಾಣವನ್ನು ಶೇ. 50ಕ್ಕೆ ಏರಿಸಿ, ಅದನ್ನು 2020ರ ಮಾರ್ಚ್ 24ರಿಂದ ಅನ್ವಯಿಸಿತು. ಕೆಲಸ ಹೋದ 90 ದಿನಗಳ ನಂತರ ಸಲ್ಲಿಸಬೇಕಿದ್ದ ಅರ್ಜಿಯನ್ನು 30 ದಿನಗಳ ನಂತರವೇ ಸಲ್ಲಿಸಲು ಅವಕಾಶ ದೊರೆಯಿತು. ಕೊನೆಯ ಉದ್ಯೋಗದಾತನ ಮೂಲಕವೇ ಅರ್ಜಿ ಬರಬೇಕೆಂಬ ನಿಯಮವನ್ನೂ ಸಡಿಲಿಸಲಾಯಿತು. ದುರ್ನಡತೆಗಾಗಿ ವಜಾಗೊಂಡವರು, ವಯೋನಿವೃತ್ತರು ಮತ್ತು ಸ್ವಯಂನಿವೃತ್ತಿ ಪಡೆದವರು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ಈ ಯೋಜನೆಯ ಅವಧಿಯನ್ನು ಆಗಿಂದಾಗ್ಗೆ ವಿಸ್ತರಿಸುತ್ತ ಬರಲಾಗಿದೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯೂ ಜಾರಿಗೆ ಬಂದಿದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಆ ದಿನ ಚಾಲ್ತಿಯಲ್ಲಿರುವ ಷರತ್ತುಗಳನ್ನು ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮಕರ.

ಒಂದು ಪದದಿಂದಾದ ವಿಳಂಬ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಪೀಣ್ಯದಲ್ಲಿರುವ ನಮ್ಮ ಬಿಡಿಭಾಗಗಳ ಘಟಕವೂ ಮುಚ್ಚಿತು. ಜೂನ್‌ನಲ್ಲಿ ಬಾಗಿಲು ತೆರೆದರೂ ಎಲ್ಲರಿಗೂ ಸಾಲುವಷ್ಟು ಬೇಡಿಕೆ ಇರಲಿಲ್ಲ. ಲೇತ್ ಯಂತ್ರದಲ್ಲಿ ಒಂಬತ್ತು ವರ್ಷ ದುಡಿದಿದ್ದ ಒಬ್ಬರನ್ನು ಮರಳಿ ಕರೆಸಿಕೊಳ್ಳಲಾಗಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಪರಿಹಾರಕ್ಕೆ ಅರ್ಜಿ ಸಲ್ಲಿಸಿದರು. ವಾರಗಳು ಕಳೆದರೂ ಹಣ ಬರಲಿಲ್ಲ. ಮೂರು ಬಾರಿ ಶಾಖಾ ಕಚೇರಿಗೆ ಹೋಗಿಬಂದ ಮೇಲೆ, ಕೊನೆಗೆ ಅವರು ನನ್ನ ಬಳಿಗೆ ಬಂದರು.

ದಾಖಲೆಗಳನ್ನು ತೆಗೆದು ನೋಡಿದಾಗ ಕಾರಣ ತಿಳಿಯಿತು. ಕೆಲಸವಿಲ್ಲದ ತಿಂಗಳುಗಳಿಗೆ ನಾವು ಸಲ್ಲಿಸಿದ್ದ ಮಾಸಿಕ ವಂತಿಗೆ ವಿವರದಲ್ಲಿ ಅವರ ಹೆಸರಿನ ಮುಂದೆ ‘ರಜೆಯಲ್ಲಿದ್ದಾರೆ’ ಎಂದು ನಮೂದಾಗಿತ್ತು. ಮುಂದೆ ಕರೆಸಿಕೊಳ್ಳುವ ಆಸೆಯಿಂದ, ಅವರಿಗೆ ಒಳಿತಾಗಲೆಂದೇ ಹಾಗೆ ಬರೆಯುವಂತೆ ಗುಮಾಸ್ತರಿಗೆ ಹೇಳಿದವನು ನಾನೇ. ಕಡತದ ದೃಷ್ಟಿಯಲ್ಲಿ ಅವರು ನಿರುದ್ಯೋಗಿಯಾಗಿರಲಿಲ್ಲ. ನಮ್ಮ ಕಾರ್ಖಾನೆಯ ನೌಕರರಾಗಿಯೇ ಉಳಿದಿದ್ದರು. ಕೆಲಸದ ಕೊನೆಯ ದಿನಾಂಕದ ಕಾಲಂ ಖಾಲಿಯಿತ್ತು. ಅದೇ ದಿನ ಘಟಕದ ಪತ್ರಶಿರದ ಮೇಲೆ ವಾಸ್ತವ ಸಂಗತಿಯನ್ನು ಬರೆದು, ಹಾಜರಿ ಪುಸ್ತಕದ ಪ್ರತಿಯೊಂದಿಗೆ ಶಾಖಾ ಕಚೇರಿಗೆ ತಲುಪಿಸಿದೆವು. 2021ರ ಜನವರಿಯಲ್ಲಿ ಹಣ ಅವರ ಖಾತೆಗೆ ಜಮೆಯಾಯಿತು. ಅಷ್ಟರಲ್ಲಿ ಅವರು ಬಾಡಿಗೆ ಮನೆ ಬಿಟ್ಟು, ಪತ್ನಿಯ ಒಡವೆಗಳನ್ನು ಅಡವಿಟ್ಟು, ಹಾವೇರಿಯ ಕಡೆಯ ತಮ್ಮ ಊರಿಗೆ ಮರಳಿದ್ದರು. ಅಂತಹ ನುರಿತ ಕೆಲಸಗಾರ ನಮಗೆ ಮತ್ತೆ ಸಿಗಲಿಲ್ಲ.

ಮೊತ್ತ ಎಷ್ಟು, ಬೆಲೆ ಎಷ್ಟು

ತಿಂಗಳಿಗೆ 15,000 ರೂಪಾಯಿ ವೇತನ ಪಡೆಯುವ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಸರಾಸರಿ ದಿನಗಳಿಕೆಯನ್ನು ಕಂಡುಹಿಡಿಯಲಾಗುತ್ತದೆ. ಅದು ಸುಮಾರು 493 ರೂಪಾಯಿ. ಅದರ ಅರ್ಧದಂತೆ 90 ದಿನಗಳಿಗೆ ದೊರೆಯುವುದು ಸುಮಾರು 22,000 ರೂಪಾಯಿ. ಉದ್ದಿಮೆದಾರನಿಗೆ ಇದು ಸಣ್ಣ ಮೊತ್ತವೆನಿಸಬಹುದು. ಆದರೆ ಕಾರ್ಮಿಕನ ಕುಟುಂಬಕ್ಕೆ ಇದು ಮೂರು ತಿಂಗಳ ಬಾಡಿಗೆ, ದಿನಸಿ ಮತ್ತು ಮಕ್ಕಳ ಶಾಲಾ ಶುಲ್ಕ. ಆರು ತಿಂಗಳ ನಂತರ ಬಂದರೆ ಅದೇ ಹಣ ಸಾಲದ ಬಡ್ಡಿಗೆ ಹೋಗುತ್ತದೆ.

ಇದು ದಾನದ ಹಣವೂ ಅಲ್ಲ. 2019ರ ಜುಲೈ 1ರಿಂದ ಜಾರಿಗೆ ಬಂದ ದರದಂತೆ ವೇತನದ ಶೇ. 0.75ರಷ್ಟನ್ನು ಕಾರ್ಮಿಕನೂ ಶೇ. 3.25ರಷ್ಟನ್ನು ನಾವೂ ನಿಗಮಕ್ಕೆ ಸಲ್ಲಿಸುತ್ತ ಬಂದಿದ್ದೇವೆ.

ಅರ್ಜಿ ಎಲ್ಲಿ ನಿಲ್ಲುತ್ತದೆ?

ಮೊದಲನೆಯದಾಗಿ, ಕೆಲಸ ಬಿಟ್ಟ ಕಾರಣ. ಮಾಸಿಕ ವಿವರದಲ್ಲಿ ರಜೆ, ಸೇವೆ ತೊರೆದಿರುವುದು, ಸಿಬ್ಬಂದಿ ಕಡಿತ, ಕೆಲಸವಿಲ್ಲದಿರುವುದು ಮುಂತಾದ ಕಾರಣಗಳು ಪ್ರತ್ಯೇಕವಾಗಿವೆ. ನಾವೇ ಕೆಲಸದಿಂದ ತೆಗೆದವರನ್ನು ‘ಸೇವೆ ತೊರೆದಿದ್ದಾರೆ’ ಎಂದು ನಮೂದಿಸಿದರೆ, ಅವರು ಸ್ವಇಚ್ಛೆಯಿಂದ ಬಿಟ್ಟರೇ ಎಂಬ ಪ್ರಶ್ನೆ ಏಳುತ್ತದೆ. ಕೊನೆಯ ದಿನಾಂಕವನ್ನು ತಪ್ಪದೆ ತುಂಬಬೇಕು.

ಎರಡನೆಯದಾಗಿ, ವಂತಿಗೆಯ ದಿನಗಳು. ಏಪ್ರಿಲ್‌ನಿಂದ ಸೆಪ್ಟೆಂಬರ್ ಹಾಗೂ ಅಕ್ಟೋಬರ್‌ನಿಂದ ಮಾರ್ಚ್ ಎಂದು ವರ್ಷಕ್ಕೆ ಎರಡು ವಂತಿಗೆ ಅವಧಿಗಳು. ಎರಡು ವರ್ಷಗಳ ವಿಮಾ ಸೇವೆಯ ಜೊತೆಗೆ, 2020ರ ಸಡಿಲಿಕೆಯಂತೆ, ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ ಮತ್ತು ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಸಂದಾಯವಾಗಿರಬೇಕು. ನಾವು ಒಂದೆರಡು ತಿಂಗಳು ಕಟ್ಟದೆ ಬಿಟ್ಟರೆ ಕಾರ್ಮಿಕ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಮುಂದಿನ ತಿಂಗಳ 15ರೊಳಗೆ ವಂತಿಗೆ ಕಟ್ಟುವ ಶಿಸ್ತಿಗೆ ಇಲ್ಲಿ ಮಹತ್ವವಿದೆ.

ಮೂರನೆಯದಾಗಿ, ಗುರುತಿನ ವಿವರ. ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ವಿಮಾ ದಾಖಲೆಗಳಲ್ಲಿ ಹೆಸರು ಹಾಗೂ ಜನ್ಮದಿನಾಂಕ ಒಂದೇ ಆಗಿರಬೇಕು. ನಮ್ಮಲ್ಲಿ ತಂದೆಯ ಹೆಸರು ಒಮ್ಮೆ ಹಿಂದೆ, ಒಮ್ಮೆ ಮುಂದೆ, ಮತ್ತೊಮ್ಮೆ ಬರೀ ಒಂದಕ್ಷರವಾಗಿ ಸೇರುವುದುಂಟು. ನೇಮಕಾತಿಯ ದಿನವೇ ಇದನ್ನು ಸರಿಪಡಿಸಿದರೆ ಮುಂದಿನ ತೊಂದರೆ ತಪ್ಪುತ್ತದೆ.

ನಾಲ್ಕನೆಯದಾಗಿ, ಗುತ್ತಿಗೆ ಕಾರ್ಮಿಕರು. ಗುತ್ತಿಗೆದಾರ ವಂತಿಗೆ ಕಟ್ಟಿದನೇ ಎಂದು ನೋಡುವ ಹೊಣೆ ಮೂಲ ಉದ್ಯೋಗದಾತನದು. ಬಿಲ್ಲು ಪಾವತಿಗೆ ಮುನ್ನ ವಂತಿಗೆಯ ವಿವರವನ್ನು ಹೆಸರುವಾರು ಪರಿಶೀಲಿಸುವುದು ಒಳ್ಳೆಯ ಪದ್ಧತಿ.

ತಡವಾದಾಗ ಮಾಡಬೇಕಾದುದೇನು?

ಅರ್ಜಿಯನ್ನು ಅಂತರಜಾಲದ ಮೂಲಕ ಸಲ್ಲಿಸಿದಾಗ ದೊರೆಯುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವಂತೆ ಕಾರ್ಮಿಕನಿಗೆ ತಿಳಿಸಬೇಕು. ಅರ್ಜಿಗಳನ್ನು 15 ದಿನಗಳೊಳಗೆ ಇತ್ಯರ್ಥಪಡಿಸುವುದಾಗಿ ನಿಗಮ ಹೇಳಿತ್ತು. ಆ ಅವಧಿ ಮೀರಿದರೆ ಮೊದಲು ಶಾಖಾ ಕಚೇರಿಯಲ್ಲಿ ಕಾರಣವನ್ನು ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ವಿಚಾರಣೆಗೆ ದಾಖಲೆಯಿರುವುದಿಲ್ಲ. ಅಲ್ಲಿಯೂ ಪರಿಹಾರವಾಗದಿದ್ದರೆ ನಿಗಮದ ಕುಂದುಕೊರತೆ ಸಭೆಯಾದ ‘ಸುವಿಧಾ ಸಮಾಗಮ’ದಲ್ಲಿ ವಿಷಯ ಮಂಡಿಸಬಹುದು. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಅಲ್ಲಿನ ದೂರುಗಳ ವಿಲೇವಾರಿಗೆ 2024ರಲ್ಲಿ 21 ದಿನಗಳ ಮಿತಿ ನಿಗದಿಯಾಗಿದೆ. ದೋಷ ನಮ್ಮದಾಗಿದ್ದರೆ ತಿದ್ದುಪಡಿ ಪತ್ರವನ್ನು ಅಂದೇ ನೀಡಬೇಕು. ಹಾಗೆ ತಪ್ಪೊಪ್ಪಿಕೊಂಡರೆ ದಂಡ ಬೀಳಬಹುದೆಂಬ ಅಳುಕು ನನಗೂ ಇತ್ತು. ಆದರೆ ಆ ಅಳುಕಿನ ಬೆಲೆಯನ್ನು ತೆರುವವನು ಕೆಲಸವಿಲ್ಲದ ಕಾರ್ಮಿಕ.

ಯಾರನ್ನಾದರೂ ಕೆಲಸದಿಂದ ಬಿಡುಗಡೆ ಮಾಡುವ ದಿನ ನಮ್ಮ ಘಟಕದಲ್ಲಿ ಈಗ ಒಂದು ಪದ್ಧತಿಯನ್ನು ಇರಿಸಿಕೊಂಡಿದ್ದೇವೆ. ಲೆಕ್ಕ ಚುಕ್ತಾ ಮಾಡುವ ಮುನ್ನ ಆ ವ್ಯಕ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಮಾ ವಿವರಗಳನ್ನು ಓದಿ ಹೇಳಲಾಗುತ್ತದೆ. ಕಾರಣ ಮತ್ತು ಕೊನೆಯ ದಿನಾಂಕವನ್ನು ಅವರ ಎದುರಿನಲ್ಲಿಯೇ ನಮೂದಿಸಲಾಗುತ್ತದೆ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ವರ್ಷಗಟ್ಟಲೆ ನಮಗಾಗಿ ದುಡಿದವರಿಗೆ ಅಷ್ಟು ಹೊತ್ತು ಕೊಡುವುದು ನಮ್ಮ ಕರ್ತವ್ಯ. ಸದಸ್ಯರು ತಮ್ಮ ತಮ್ಮ ಘಟಕಗಳಲ್ಲಿಯೂ ಇದನ್ನು ರೂಢಿಗೆ ತರಬೇಕೆಂದು ವಿನಂತಿ.