ಏಳು ವರ್ಷದ ಲೆಕ್ಕ: ಸಿಇಟಿ ಅರ್ಜಿಯೊಳಗಿನ ಅರ್ಹತೆಯ ಪರೀಕ್ಷೆ

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಸೀಟು ಬಯಸುವ ವಿದ್ಯಾರ್ಥಿ ಎರಡು ಪರೀಕ್ಷೆಗಳನ್ನು ದಾಟಬೇಕು. ಒಂದು, ಬೇಸಿಗೆಯಲ್ಲಿ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ. ಇನ್ನೊಂದು ಅದಕ್ಕೂ ಮೊದಲೇ, ಆನ್‌ಲೈನ್ ಅರ್ಜಿ ತುಂಬುವಾಗಲೇ ಶುರುವಾಗುತ್ತದೆ. ಅಭ್ಯರ್ಥಿ ರಾಜ್ಯದಲ್ಲಿ ಎಷ್ಟು ವರ್ಷ ಓದಿದ್ದಾರೆ, ಯಾವ ಪ್ರವರ್ಗಕ್ಕೆ ಸೇರಿದವರು, ಹಳ್ಳಿಯ ಶಾಲೆಯಲ್ಲಿ ಕಲಿತರೇ, ಕನ್ನಡ ಮಾಧ್ಯಮದಲ್ಲಿ ಕಲಿತರೇ ಎಂಬುದೆಲ್ಲ ಅಲ್ಲಿ ಒರೆಗೆ ಬೀಳುತ್ತದೆ. ಮೊದಲ ಪರೀಕ್ಷೆಗೆ ಎರಡು ವರ್ಷ ತಯಾರಿ ನಡೆಸುವ ಅನೇಕ ಮನೆಗಳು ಎರಡನೆಯದಕ್ಕೆ ಎರಡು ದಿನವನ್ನೂ ಕೊಡುವುದಿಲ್ಲ. ಆದರೆ ಒಳ್ಳೆಯ ರ‍್ಯಾಂಕ್ ಬಂದರೂ ಸೀಟು ಕೈತಪ್ಪಲು ಈ ಎರಡನೆಯದರ ಒಂದು ತಪ್ಪು ಸಾಕು.

1993ರಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶಕ್ಕೆ ಸಂಬಂಧಿಸಿದ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬೆನ್ನಲ್ಲೇ, 1994ರಲ್ಲಿ ರಾಜ್ಯದಲ್ಲಿ ಸಿಇಟಿ ಘಟಕ ಶುರುವಾಯಿತು. ಅದೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಿ ಬೆಳೆಯಿತು. ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳು ಮೂಲ ದಾಖಲೆಗಳ ಕಟ್ಟು ಹಿಡಿದು ಬೆಂಗಳೂರಿಗೇ ಬರಬೇಕಿತ್ತು. ಬಳಿಕ ದಾಖಲೆ ಪರಿಶೀಲನೆ ಜಿಲ್ಲಾ ಕೇಂದ್ರಗಳಿಗೆ ಹೋಯಿತು. ಈಗ ಅದರ ದೊಡ್ಡ ಪಾಲನ್ನು ಕಂಪ್ಯೂಟರ್ ನಿಭಾಯಿಸುತ್ತದೆ. ವೈದ್ಯಕೀಯ ಕೋರ್ಸುಗಳಿಗೆ ನೀಟ್ ಅಂಕ ಬಳಸಿದರೂ ರಾಜ್ಯದ ಪಾಲಿನ ಸೀಟು ಹಂಚುವುದು ಇದೇ ಪ್ರಾಧಿಕಾರ. ಹಾಗಾಗಿ ವೈದ್ಯಕೀಯ ಸೀಟು ಬಯಸುವವರಿಗೂ ಈ ಪರಿಶೀಲನೆ ತಪ್ಪಿದ್ದಲ್ಲ.

ವಾಸವೋ, ವ್ಯಾಸಂಗವೋ

ಒಂದು ರಾಜ್ಯ ತನ್ನ ಕಾಲೇಜುಗಳಲ್ಲಿ ತನ್ನ ನಿವಾಸಿಗಳಿಗೆ ಆದ್ಯತೆ ಕೊಡಬಹುದೇ ಎಂಬ ಪ್ರಶ್ನೆ ಗಣರಾಜ್ಯದಷ್ಟೇ ಹಳೆಯದು. ಸಂವಿಧಾನದ 15ನೇ ವಿಧಿ ಹುಟ್ಟಿದ ಸ್ಥಳದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ; ವಾಸದ ಮಾತು ಅಲ್ಲಿಲ್ಲ. ಹುಟ್ಟಿದ ಸ್ಥಳ ಬೇರೆ, ವಾಸ ಬೇರೆ ಎಂದು 1955ರಲ್ಲಿ ಡಿ.ಪಿ. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವೈದ್ಯಕೀಯ ಸೀಟಿಗೆ ರಾಜ್ಯದಲ್ಲಿ ಹತ್ತು ವರ್ಷ ವಾಸವಿರಬೇಕು ಎಂದು ಅಂದಿನ ಮೈಸೂರು ರಾಜ್ಯ ಮಾಡಿದ್ದ ನಿಯಮವನ್ನು 1971ರಲ್ಲಿ ವಸುಂಧರಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಇಲ್ಲಿ ನೆಲೆಸಿದವರು ಓದು ಮುಗಿಸಿ ಇಲ್ಲಿಯೇ ವೈದ್ಯರಾಗಿ ಉಳಿಯುವ ಸಾಧ್ಯತೆ ಹೆಚ್ಚು ಎಂಬ ತರ್ಕವನ್ನು ಅದು ಒಪ್ಪಿತು. ಭಾರತದಲ್ಲಿ ‘ರಾಜ್ಯದ ಡೊಮಿಸೈಲ್’ (ಕಾನೂನಿನ ಪ್ರಕಾರದ ಕಾಯಂ ನೆಲೆ) ಎಂಬುದೇ ಇಲ್ಲ, ಇರುವುದು ದೇಶದ ಡೊಮಿಸೈಲ್ ಒಂದೇ ಎಂದು 1984ರ ಪ್ರದೀಪ್ ಜೈನ್ ತೀರ್ಪು ಹೇಳಿತು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಿಗೆ ವಾಸದ ಆಧಾರದ ಮೀಸಲಾತಿ ಸಲ್ಲದು ಎಂದು 2025ರ ಜನವರಿ 29ರಂದು ತನ್ವಿ ಬೆಹಲ್ ಪ್ರಕರಣದ ತೀರ್ಪು ಸಾರಿತು. ಪದವಿ ಹಂತದಲ್ಲಿ ಆದ್ಯತೆಗೆ ಇಂದಿಗೂ ಅವಕಾಶವಿದೆ.

ಕರ್ನಾಟಕದ ಸಿಇಟಿ ನಿಯಮ ಮನೆ ಎಲ್ಲಿದೆ ಎಂದು ಕೇಳುವುದಕ್ಕಿಂತ ಹೆಚ್ಚಾಗಿ ಶಾಲೆ ಎಲ್ಲಿತ್ತು ಎಂದು ಕೇಳುತ್ತದೆ. ಮುಖ್ಯವಾದದ್ದು ‘ಎ’ ಕಲಂ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು. ಜೊತೆಗೆ ಹತ್ತನೇ ತರಗತಿ ಅಥವಾ ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ಇಲ್ಲಿಯೇ ಪಾಸು ಮಾಡಿರಬೇಕು. ಇದಕ್ಕೆ ಹೊಂದದವರಿಗೆ ‘ಬಿ’ ಕಲಂ ಇದೆ: ವಿದ್ಯಾರ್ಥಿ ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿ, ತಂದೆ ಅಥವಾ ತಾಯಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು. ರಕ್ಷಣಾ ಸಿಬ್ಬಂದಿಯ ಮಕ್ಕಳು, ಗಡಿನಾಡು ಮತ್ತು ಹೊರನಾಡು ಕನ್ನಡಿಗರು ಮುಂತಾದವರಿಗೆ ಬೇರೆ ಕಲಂಗಳಿವೆ.

ಅರ್ಜಿಯೊಳಗಿನ ಎಣಿಕೆ

ಈ ಪರಿಶೀಲನೆಯಲ್ಲಿ ಕಂಪ್ಯೂಟರಿಗೆ ಸುಲಭವಾದ ಕೆಲಸ ಎಣಿಕೆ. ಅರ್ಜಿಯಲ್ಲಿ ಪ್ರತಿ ತರಗತಿಯನ್ನು ಯಾವ ವರ್ಷ, ಯಾವ ಜಿಲ್ಲೆ ಮತ್ತು ತಾಲ್ಲೂಕಿನಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂದು ತುಂಬಿದರೆ ಉಳಿದದ್ದು ಕೂಡುವ ಲೆಕ್ಕ. ಒಂದರಿಂದ ನಾಲ್ಕರವರೆಗೆ ಪುಣೆಯಲ್ಲಿ, ಐದರಿಂದ ಹನ್ನೆರಡರವರೆಗೆ ಹುಬ್ಬಳ್ಳಿಯಲ್ಲಿ ಓದಿದವರಿಗೆ ಎಂಟು ವರ್ಷ ಸಿಗುತ್ತದೆ. ‘ಎ’ ಕಲಂ ಅನ್ವಯಿಸುತ್ತದೆ. ಆರನೇ ತರಗತಿವರೆಗೆ ಮಂಗಳೂರಿನಲ್ಲಿ ಓದಿ ಆಮೇಲೆ ದುಬೈಗೆ ಹೋದವರಿಗೆ ಆರೇ ವರ್ಷ, ಅನ್ವಯಿಸದು. ಹತ್ತರವರೆಗೆ ಹೈದರಾಬಾದಿನಲ್ಲಿದ್ದು ಪಿಯುಸಿಗೆ ರಾಯಚೂರಿಗೆ ಬಂದವರಿಗೆ ‘ಬಿ’ ಕಲಂ ಬಾಗಿಲು ತೆರೆಯಬಹುದು, ಆದರೆ ತಂದೆ ಅಥವಾ ತಾಯಿಯ ಶಾಲಾ ದಿನಗಳಿಗೆ ಪುರಾವೆ ಬೇಕು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯೂ ಎಣಿಕೆಯ ಮೇಲೆಯೇ ನಿಂತಿವೆ. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಕಲಿತವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇ 5. ಇಲ್ಲಿ ಒಂಬತ್ತು ವರ್ಷಕ್ಕೆ ಬೆಲೆಯಿಲ್ಲ. ಒಂದೇ ವರ್ಷ ಅಜ್ಜಿಯ ಊರೆಂದು ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಸೌಲಭ್ಯ ತಪ್ಪುತ್ತದೆ. ತೊಡಕು ಇನ್ನೊಂದಿದೆ. ಗ್ರಾಮ ಪಂಚಾಯಿತಿಯಾಗಿದ್ದ ಊರು ನಡುವೆ ಪಟ್ಟಣ ಪಂಚಾಯಿತಿಯಾದರೆ, ಕಂಪ್ಯೂಟರಿನ ಪಟ್ಟಿಯಲ್ಲಿ ಇಂದಿನ ಸ್ಥಿತಿ ಮಾತ್ರ ಇದ್ದಾಗ ಹಿಂದಿನ ವರ್ಷಗಳೂ ನಗರದ ಲೆಕ್ಕಕ್ಕೆ ಬೀಳುತ್ತವೆ. ಓದುವಾಗ ಊರು ಏನಾಗಿತ್ತು ಎಂಬುದು ಶಿಕ್ಷಣ ಇಲಾಖೆಯ ದಾಖಲೆಯಿಂದ ತಿಳಿಯಬೇಕು.

ಆರ್‌ಡಿ ನಂಬರ್ ಮತ್ತು ಸ್ಯಾಟ್ಸ್

ಎರಡನೇ ಕೆಲಸ, ಅಭ್ಯರ್ಥಿ ಹೇಳಿದ್ದನ್ನು ಬೇರೆ ಇಲಾಖೆಯ ದತ್ತಾಂಶದೊಂದಿಗೆ ತಾಳೆ ನೋಡುವುದು. ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ಪಡೆದ ಪ್ರತಿ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಅದನ್ನು ಅರ್ಜಿಯಲ್ಲಿ ನಮೂದಿಸಿದ ಕೂಡಲೇ ಕಂದಾಯ ಇಲಾಖೆಯ ದತ್ತಾಂಶದಿಂದ ಪ್ರಮಾಣಪತ್ರದ ವಿವರ ಬರುತ್ತದೆ. ಸಂಖ್ಯೆ ಸರಿಯಿದೆಯೇ, ಪತ್ರ ಅಭ್ಯರ್ಥಿಯ ಹೆಸರಿನಲ್ಲೇ ಇದೆಯೇ, ಅವಧಿ ಮುಗಿದಿದೆಯೇ ಎಂದು ತಂತ್ರಾಂಶ ನೋಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ‘ಡಿ’ ನಮೂನೆ, ಪ್ರವರ್ಗ 1ಕ್ಕೆ ‘ಇ’ ನಮೂನೆ, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ‘ಎಫ್’ ನಮೂನೆ. ‘ಎಫ್’ ನಮೂನೆಯಲ್ಲಿ ಆದಾಯವೂ ಸೇರಿರುವುದರಿಂದ ಅದಕ್ಕೆ ಐದು ವರ್ಷದ ಅವಧಿಯಿದೆ. ಹೈಸ್ಕೂಲಿಗೆ ಸೇರುವ ಮೊದಲೇ ಮಾಡಿಸಿದ ಪತ್ರವನ್ನು ಸಿಇಟಿ ಹೊತ್ತಿಗೆ ಕಪಾಟಿನಿಂದ ತೆಗೆಯುವವರು ಎಡವುವುದು ಇಲ್ಲಿಯೇ. ತಂದೆಯ ಹೆಸರಿನ ಜಾತಿ ಪತ್ರದ ಸಂಖ್ಯೆ ತುಂಬುವುದು ಇನ್ನೊಂದು ಸಾಮಾನ್ಯ ತಪ್ಪು. ಸಂಖ್ಯೆ ತಾಳೆಯಾಗದಿದ್ದರೆ ಆ ಮೀಸಲಾತಿಯ ಕೋರಿಕೆ ನಿಲ್ಲುವುದಿಲ್ಲ. ಅಭ್ಯರ್ಥಿಯನ್ನು ಸಾಮಾನ್ಯ ವರ್ಗದಲ್ಲಿ, ಅಂದರೆ ಜಿಎಂನಲ್ಲಿ, ಪರಿಗಣಿಸಲಾಗುತ್ತದೆ.

ಶಾಲಾ ವಿವರಕ್ಕೆ ಸ್ಯಾಟ್ಸ್ ಸಂಖ್ಯೆ ಇದೆ. ಇದು ರಾಜ್ಯದ ಶಾಲಾ ಮಕ್ಕಳ ಪ್ರಗತಿಯನ್ನು ದಾಖಲಿಸುವ ವ್ಯವಸ್ಥೆ. ಮಗು ಶಾಲೆ ಬದಲಿಸಿದರೂ ಸಂಖ್ಯೆ ಬದಲಾಗದು. ಆದರೆ ಶಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರು ಏನು ತುಂಬಿದರೋ ಅದೇ ಅಲ್ಲಿರುತ್ತದೆ. ಅಲ್ಲಿ ತಪ್ಪಿದ್ದರೆ, ಇಲ್ಲವೇ ಓದಿದ ವಿವರವೇ ಇಲ್ಲದಿದ್ದರೆ, ಹಳೆಯ ದಾರಿಯೇ ಗತಿ: ಮುಖ್ಯ ಶಿಕ್ಷಕರು ದಾಖಲಾತಿ ಪುಸ್ತಕ ನೋಡಿ ಕೊಡುವ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಅವರ ಮೇಲುಸಹಿ.

ಒಂದೇ ಹೆಸರು, ಹಲವು ರೂಪ

ತಾಳೆ ನೋಡುವ ಕೆಲಸದಲ್ಲಿ ಅತಿ ಹೆಚ್ಚು ಕಾಡುವುದು ಹೆಸರು. ಹಳೆ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಮುಂದೋ ಹಿಂದೋ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಕೆಲವು ದಾಖಲೆಗಳಲ್ಲಿ ಅಡ್ಡಹೆಸರೇ ಮೊದಲು. ಕನ್ನಡದಲ್ಲಿ ‘ಮಂಜುನಾಥ’ ಎಂದಿರುವುದು ಇಂಗ್ಲಿಷಿಗೆ ಹೋದಾಗ ಕೊನೆಯ ಅಕಾರ ಒಮ್ಮೆ ಉಳಿಯುತ್ತದೆ, ಒಮ್ಮೆ ಬೀಳುತ್ತದೆ. ‘ಲಕ್ಷ್ಮೀ’ಯನ್ನು ಒಬ್ಬರು ‘ಎಕ್ಸ್’ ಹಾಕಿ ಬರೆದರೆ ಇನ್ನೊಬ್ಬರು ‘ಕೆ, ಎಸ್, ಎಚ್’ ಹಾಕಿ ಬರೆಯುತ್ತಾರೆ. ‘ಗೀತಾ’ದ ತಕಾರಕ್ಕೆ ‘ಎಚ್’ ಸೇರಿಸಬೇಕೇ ಬೇಡವೇ ಎಂಬುದು ಬರೆಯುವವರ ಕೈಯಭ್ಯಾಸ. ಮನೆಯವರಿಗೆ, ಮೇಷ್ಟ್ರಿಗೆ ಇವರೆಲ್ಲ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಬೇರೆ ಬೇರೆ ವ್ಯಕ್ತಿಗಳು.

ಇದಕ್ಕೆ ಗಣಕ ವಿಜ್ಞಾನದಲ್ಲಿ ಉಪಾಯವಿದೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸಿ ಎರಡರ ನಡುವಿನ ‘ದೂರ’ ಅಳೆಯುವ ವಿಧಾನವನ್ನು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟರು. ದೂರ ಒಂದೋ ಎರಡೋ ಆಗಿದ್ದರೆ ಒಬ್ಬರೇ ಎಂದು ಒಪ್ಪಬಹುದು. ಆದರೆ ಮಿತಿಯನ್ನು ಸಡಿಲಿಸಿದಷ್ಟೂ ‘ರಮೇಶ’ ಮತ್ತು ‘ಸುಮೇಶ’ ಒಂದೇ ಆಗುವ ಅಪಾಯ ಹೆಚ್ಚುತ್ತದೆ, ಬಿಗಿ ಮಾಡಿದಷ್ಟೂ ನಿಜವಾದ ಅರ್ಹರು ಹೊರಗುಳಿಯುತ್ತಾರೆ. ಮಿತಿ ಎಲ್ಲಿರಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು. ಅನುಮಾನದ ಪ್ರಕರಣಗಳನ್ನು ಮನುಷ್ಯರೇ ನೋಡಬೇಕು.

ದತ್ತಾಂಶಕ್ಕೆ ಸಿಗದ ಬದುಕು

ಊರು ಕದಲದಿದ್ದರೂ ಜಿಲ್ಲೆ ಕದಲಬಹುದು. ಹರಪನಹಳ್ಳಿ ತಾಲ್ಲೂಕು ಇದಕ್ಕೆ ಉದಾಹರಣೆ: ಮೊದಲು ದಾವಣಗೆರೆ, ಬಳಿಕ ಬಳ್ಳಾರಿ, 2021ರಲ್ಲಿ ಹೊಸ ಜಿಲ್ಲೆ ಆದಮೇಲೆ ವಿಜಯನಗರ. ಅಲ್ಲಿನ ವಿದ್ಯಾರ್ಥಿಯೊಬ್ಬರು ಒಂದೇ ಬೀದಿಯಲ್ಲಿದ್ದುಕೊಂಡೇ ಮೂರು ಜಿಲ್ಲೆಗಳ ಹೆಸರಿರುವ ದಾಖಲೆಗಳನ್ನು ಹೊಂದಿರಬಹುದು. ಇದು ಬರೀ ಹೆಸರಿನ ಮಾತಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಂತೆ, ಬಳ್ಳಾರಿ, ವಿಜಯನಗರ ಸೇರಿದ, ಆದರೆ ದಾವಣಗೆರೆ ಸೇರದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಆ ಭಾಗದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಜಿಲ್ಲೆಯ ಹೆಸರಿನ ಗೊಂದಲ ಇಲ್ಲಿ ನೇರವಾಗಿ ಸೀಟನ್ನು ಮುಟ್ಟುತ್ತದೆ.

ರಾಜ್ಯದ ಗಡಿಯಾಚೆಗಿನ ಕನ್ನಡಿಗರ ಪಾಡು ಇನ್ನೂ ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯಕ್ಕೆ ಉಳಿದವು. ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಕರ್ನಾಟಕದ ಸ್ಯಾಟ್ಸ್ ಇಲ್ಲ, ನಾಡಕಚೇರಿಯ ಆರ್‌ಡಿ ನಂಬರ್ ಇಲ್ಲ. ಇವರಿಗಾಗಿ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ, ದಾಖಲೆಗಳನ್ನು ಕೈಯಲ್ಲಿ ಹಿಡಿದು ನೋಡುತ್ತದೆ. ‘ಬಿ’ ಕಲಂನಲ್ಲಿ ಬರುವ ಅಪ್ಪ ಅಮ್ಮಂದಿರ ಶಾಲಾ ವರ್ಷಗಳೂ ಹಾಗೆಯೇ. ಮೂವತ್ತು ನಲವತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕವೇ ಅವಕ್ಕೆ ಸಾಕ್ಷಿ. ಪೂರ್ತಿ ಸ್ವಯಂಚಾಲಿತವಾದ ವ್ಯವಸ್ಥೆ ಬಂದರೆ ಮೊದಲು ಹೊರಗುಳಿಯುವವರು ಇವರೇ.

ಉತ್ತರ ತಪ್ಪಾದಾಗ

ವ್ಯವಸ್ಥೆ ಅರ್ಹರನ್ನೇ ಅನರ್ಹರೆಂದರೆ ಏನು ಗತಿ? ಇಂಥ ಪ್ರಶ್ನೆ ಹೊರದೇಶದಲ್ಲೂ ಎದ್ದಿದೆ. ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಹೊರರಾಜ್ಯದವರಿಂದ ಹೆಚ್ಚು ಶುಲ್ಕ ಪಡೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿ ಎನಿಸಿಕೊಳ್ಳಲು ನಿಗದಿತ ದಿನಾಂಕಕ್ಕೆ ಮೊದಲು ಒಂದು ವರ್ಷ ಮತ್ತು ಒಂದು ದಿನ ಅಲ್ಲಿ ನೆಲೆಸಿರಬೇಕು. ಕನೆಕ್ಟಿಕಟ್ ರಾಜ್ಯ ಒಮ್ಮೆ ಇನ್ನೂ ಮುಂದೆ ಹೋಗಿ, ಅರ್ಜಿಯ ಹೊತ್ತಿಗೆ ಹೊರಗಿನವರಾಗಿದ್ದವರು ಓದು ಮುಗಿಯುವವರೆಗೂ ಹೊರಗಿನವರೇ ಎಂದು ನಿಯಮ ಮಾಡಿತ್ತು. 1973ರಲ್ಲಿ ವ್ಲಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತಾನು ನಿಜವಾಗಿ ನಿವಾಸಿ ಎಂದು ತೋರಿಸಲು ವಿದ್ಯಾರ್ಥಿಗೆ ಅವಕಾಶ ಸಿಗಲೇಬೇಕು ಎಂಬುದು ತೀರ್ಪಿನ ತಿರುಳು. ಆ ಕಾಲದಲ್ಲಿ ನಿರ್ಧಾರ ಕಾಗದದ ಮೇಲಿತ್ತು. ಇಂದು ಪರದೆಯ ಮೇಲಿದೆ. ತತ್ವ ಬದಲಾಗಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವಾಗಿ, ನಿಖರವಾಗಿ ಇರುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ.

ಸ್ವಯಂಚಾಲಿತ ಪರಿಶೀಲನೆಯಿಂದ ಆದ ಉಪಕಾರ ಸಣ್ಣದಲ್ಲ. ಬೀದರಿನ ವಿದ್ಯಾರ್ಥಿ ಕಡತ ಹೊತ್ತು ಬೆಂಗಳೂರಿನ ಸರದಿಯಲ್ಲಿ ನಿಲ್ಲಬೇಕಿಲ್ಲ. ನಕಲಿ ಪ್ರಮಾಣಪತ್ರ ತಂದವರಿಗೆ ಇಲಾಖೆಯ ದತ್ತಾಂಶವೇ ಅಡ್ಡ ನಿಲ್ಲುತ್ತದೆ. ಇದು ನ್ಯಾಯವಾಗಿ ಉಳಿಯಬೇಕಾದರೆ ಮೂರು ವಿಷಯಗಳು ಕಡ್ಡಾಯ: ಕೋರಿಕೆ ತಿರಸ್ಕಾರವಾದರೆ ಯಾವ ದಾಖಲೆಯ ಯಾವ ಅಂಶ ತಾಳೆಯಾಗಲಿಲ್ಲ ಎಂದು ಕನ್ನಡದಲ್ಲಿ ತಿಳಿಸಬೇಕು, ತಿದ್ದಲು ಸಾಕಷ್ಟು ದಿನ ಕೊಡಬೇಕು, ಕೊನೆಗೆ ದಾಖಲೆ ನೋಡಿ ತೀರ್ಮಾನಿಸುವ ಅಧಿಕಾರಿ ಜಿಲ್ಲೆಯಲ್ಲೇ ಸಿಗಬೇಕು.

ಮನೆಯವರ ಪಾಲಿನ ಕೆಲಸವೂ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ಜಾತಿ ಪ್ರಮಾಣಪತ್ರದಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮಗು ಪ್ರಥಮ ಪಿಯುಸಿಗೆ ಸೇರಿದ ವರ್ಷವೇ ನೋಡಿಕೊಳ್ಳಬೇಕು. ಪತ್ರಗಳ ಅವಧಿ ಪರೀಕ್ಷಿಸಬೇಕು. ಹಳೆಯ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಮಾಡಿಸಿಡಬೇಕು. ಅರ್ಜಿಯನ್ನು ಸೈಬರ್ ಸೆಂಟರಿನವರ ಕೈಗೆ ಬಿಡದೆ, ಕೊನೆಯ ಬಟನ್ ಒತ್ತುವ ಮೊದಲು ವಿದ್ಯಾರ್ಥಿಯೇ ಪ್ರತಿ ಸಾಲನ್ನೂ ಓದಬೇಕು. ಅರ್ಜಿ ತುಂಬುವ ವಾರದಲ್ಲಿ ಸಿಗದ ತಿದ್ದುಪಡಿ ಒಂದು ವರ್ಷ ಮೊದಲೇ ಕೇಳಿದರೆ ಸಿಗುತ್ತದೆ.