ಎಳೆಯ ವಯಸ್ಸಿನಲ್ಲಿ ಸ್ತನದ ಗಂಟು: ಮ್ಯಾಮೊಗ್ರಫಿಯ ಮಹತ್ವ ಮತ್ತು ಮಿತಿ

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ವ್ಯಾಧಿಯು ಸುಮಾರು ಒಂದು ದಶಕದಷ್ಟು ಮೊದಲೇ ತಲೆದೋರುತ್ತದೆ. ಮೂವತ್ತರ ಪ್ರಾಯದವರೂ ಇದಕ್ಕೆ ಹೊರತಲ್ಲ. ಆದ್ದರಿಂದ ‘ಈ ವಯಸ್ಸಿಗೇ ಮ್ಯಾಮೊಗ್ರಫಿ ಬೇಕೆ?’ ಎಂಬ ಪ್ರಶ್ನೆಯನ್ನು ಸದ್ಭಕ್ತರ ಮನೆಯ ಹೆಣ್ಣುಮಕ್ಕಳು ಕೇಳುವುದು ಸಹಜವಾಗಿದೆ.

ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ, ಅಲ್ಪ ಪ್ರಮಾಣದ ಕ್ಷ-ಕಿರಣದಿಂದ ಚಿತ್ರ ತೆಗೆಯುವುದೇ ಮ್ಯಾಮೊಗ್ರಫಿ. ಕೈಗೆ ಸಿಗದಷ್ಟು ಸಣ್ಣ ಗಡ್ಡೆಯನ್ನೂ ಇದು ತೋರಿಸಬಲ್ಲದು. ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ. ಹಾಲಿನ ಗ್ರಂಥಿಗಳು ಬೆಳ್ಳಗೆ ಕಾಣುತ್ತವೆ. ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಎಳೆಯ ವಯಸ್ಸಿನಲ್ಲಿ ಗ್ರಂಥಿಗಳ ಭಾಗ ಹೆಚ್ಚಿರುವುದರಿಂದ ಹತ್ತಿಯ ರಾಶಿಯಲ್ಲಿ ಮಲ್ಲಿಗೆಯ ಮೊಗ್ಗಿನಂತೆ ಗಡ್ಡೆ ಮರೆಯಾಗಬಹುದು. ವಯಸ್ಸಾದಂತೆ ಕೊಬ್ಬಿನ ಅಂಶ ಹೆಚ್ಚಿ ಚಿತ್ರ ತಿಳಿಯಾಗುತ್ತದೆ.

ಈ ಕಾರಣದಿಂದಲೇ, ಯಾವ ಲಕ್ಷಣವೂ ಇಲ್ಲದ, ಕುಟುಂಬದಲ್ಲಿ ಈ ರೋಗವಿರದ 40ರೊಳಗಿನವರಿಗೆ ವಾಡಿಕೆಯ ಮ್ಯಾಮೊಗ್ರಫಿಯನ್ನು ಸೂಚಿಸುವುದಿಲ್ಲ. 40 ದಾಟಿದವರು ವೈದ್ಯರೊಂದಿಗೆ ಸಮಾಲೋಚಿಸಿ ನಿರ್ಧರಿಸಬೇಕು. ತಾಯಿಗಾಗಲಿ ಅಕ್ಕತಂಗಿಯರಿಗಾಗಲಿ ರೋಗ ಬಂದಿದ್ದರೆ, ಅವರಿಗೆ ಅದು ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಆರಂಭಿಸುವ ವಾಡಿಕೆಯಿದೆ. ತಾಯಿಗೆ 44ರಲ್ಲಿ ಬಂದಿದ್ದರೆ ಮಗಳು 34ಕ್ಕೇ ವೈದ್ಯರನ್ನು ಕಾಣಬೇಕು. ಅನುವಂಶೀಯ ದೋಷ ಖಚಿತವಾದವರಿಗೆ ಎಂ.ಆರ್.ಐ. ಕೂಡ ಅಗತ್ಯವಾಗುತ್ತದೆ.

ಗಂಟು ಕೈಗೆ ಸಿಕ್ಕಿದ್ದರೆ ಮಾತ್ರ ವಯಸ್ಸಿನ ಲೆಕ್ಕ ಹಾಕಿ ಕಾಯಬಾರದು. ಎಳೆಯರಲ್ಲಿ ಇಂತಹ ಗಂಟುಗಳು ಬಹುಪಾಲು ನಿರಪಾಯಕಾರಿ; ಆದರೆ ಅದನ್ನು ಪರೀಕ್ಷೆಯೇ ಹೇಳಬೇಕು. 30ರೊಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ಸಂಶಯವಿದ್ದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಮ್ಯಾಮೊಗ್ರಫಿಯ ವರದಿ ‘ಸಹಜ’ ಎಂದಿದ್ದರೂ ಗಂಟು ಉಳಿದಿದ್ದರೆ ಪರೀಕ್ಷೆ ಮುಗಿದಂತಲ್ಲ. ಮೊಲೆತೊಟ್ಟು ಒಳಸೇರುವುದು, ರಕ್ತ ಒಸರುವುದು, ಚರ್ಮ ಕುಳಿಬೀಳುವುದು, ಕಂಕುಳಲ್ಲಿ ಗಡ್ಡೆ ಕಾಣಿಸುವುದು ಸಹ ಎಚ್ಚರಿಕೆಯ ಲಕ್ಷಣಗಳೇ. ಹಾಲೂಡಿಸುವ ತಾಯಂದಿರೂ ‘ಹಾಲು ಕಟ್ಟಿದೆ’ ಎಂದು ವಾರಗಟ್ಟಲೆ ಸುಮ್ಮನಿರಬಾರದು.

‘ನೋವಿಲ್ಲ, ಹಾಗಾಗಿ ಭಯವಿಲ್ಲ’ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಅರ್ಬುದವನ್ನು ವಿವರಿಸುವಾಗ ಅದು ಸ್ಥಿರವಾದುದು, ಮಂದವಾದ ನೋವುಳ್ಳದ್ದು, ನಿಧಾನವಾಗಿ ಬೆಳೆಯುವಂಥದ್ದು, ಕೀವಾಗದಿರುವಂಥದ್ದು ಎಂದೇ ತಿಳಿಸಿದ್ದಾರೆ. ಆಯುರ್ವೇದ ವೈದ್ಯರಾಗಿಯೇ ನಾವು ಸ್ಪಷ್ಟವಾಗಿ ಹೇಳುತ್ತೇವೆ: ರೋಗನಿರ್ಣಯವಾಗದ ಗಂಟಿಗೆ ಲೇಪ ಹಚ್ಚುತ್ತಾ, ತೈಲ ತಿಕ್ಕುತ್ತಾ ತಿಂಗಳುಗಳನ್ನು ಕಳೆಯುವುದು ಚಿಕಿತ್ಸೆಯಲ್ಲ. ಆರಂಭದಲ್ಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆಯಿದೆ.

ಕೊರಳಿನ ಇಷ್ಟಲಿಂಗವನ್ನು ತೆಗೆಯಬೇಕಾದೀತೆಂದು ಕೆಲವು ತಾಯಂದಿರು ಪರೀಕ್ಷೆಗೆ ಹಿಂಜರಿಯುತ್ತಾರೆ. ಕರಡಿಗೆಯು ಚಿತ್ರದಲ್ಲಿ ಅಡ್ಡಬಾರದಿದ್ದರೆ ಸಾಕು. ಮ್ಯಾಮೊಗ್ರಫಿಯ ವೇಳೆ ಲಿಂಗವನ್ನು ಅಂಗೈಯಲ್ಲಿ ಹಿಡಿದಿರಲು ಅವಕಾಶ ಕೇಳಬಹುದು. ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆ ನಮ್ಮದು. ಅದರ ರಕ್ಷಣೆಗೆ ಸಂಕೋಚವು ಅಡ್ಡಿಯಾಗದಿರಲಿ. ಮನೆಯ ಪುರುಷರೂ ಜೊತೆಗೆ ನಿಂತು ಕರೆದೊಯ್ಯಲಿ.